ಹಳೆಯ ಆರ್-404ಎ ವ್ಯವಸ್ಥೆಗೆ ಬದಲಿ ಯಾವುದು: ಹೊಸ ಮಿಶ್ರಣವೇ, ಪ್ರೊಪೇನೇ, ಕಾರ್ಬನ್ ಡೈಆಕ್ಸೈಡೇ?

ಶೈತ್ಯಪಾಲ
ಎಲ್ಲರಿಗೂ ನಮಸ್ಕಾರ. ದೊಡ್ಡ ಮಳಿಗೆಯೊಂದರ ಶೈತ್ಯ ವ್ಯವಸ್ಥೆಯ ನಿರ್ವಹಣೆ ನನ್ನ ಹೊಣೆ. ಯಂತ್ರಕೋಣೆಯಲ್ಲಿ ಕಂಪ್ರೆಸರ್‌ಗಳ ರ‍್ಯಾಕ್ ಇದೆ, ಅಲ್ಲಿಂದ ಮಳಿಗೆಯ ಉದ್ದಗಲಕ್ಕೂ ತಾಮ್ರದ ಕೊಳವೆಗಳು ಹರಡಿಕೊಂಡಿವೆ, ಅವುಗಳ ತುದಿಯಲ್ಲಿ ಪ್ರದರ್ಶನ ಕಪಾಟುಗಳೂ ಶೀತಲ ಕೋಣೆಗಳೂ ಇವೆ. ಒಳಗೆ ಶೀತಕವಾಗಿ, ಅಂದರೆ ತಣಿಸುವ ಗ್ಯಾಸಾಗಿ, ಇರುವುದು ಸುಮಾರು 200 ಕೆಜಿ ಆರ್-404ಎ. ಈ ಗ್ಯಾಸಿನ ಜಾಗತಿಕ ತಾಪನ ಸಾಮರ್ಥ್ಯ 3922 ಎಂಬುದು, ಅಂದರೆ ಒಂದು ಕೆಜಿ ಸೋರಿದರೆ ಸುಮಾರು ನಾಲ್ಕು ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟಂತೆ ಎಂಬುದು ತಿಳಿದ ಮೇಲೆ ಇದನ್ನು ಹೀಗೆಯೇ ನಡೆಸಿಕೊಂಡು ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಸಲಹೆಗಾರರೊಬ್ಬರು ಈಗಿರುವ ಯಂತ್ರದಲ್ಲಿಯೇ ಆರ್-449ಎ ಎಂಬ ಹೊಸ ಮಿಶ್ರಣ ತುಂಬಿದರೆ ಸಾಕು ಎನ್ನುತ್ತಾರೆ. ಅದರ ಅಂಕಿ 1397. ಇನ್ನೊಬ್ಬರು ಎಲ್ಲವನ್ನೂ ಕಿತ್ತು ಕಾರ್ಬನ್ ಡೈಆಕ್ಸೈಡ್ ವ್ಯವಸ್ಥೆ ಹಾಕಬೇಕೆಂದು ಹಟ ಹಿಡಿದಿದ್ದಾರೆ. ಮೂರನೆಯವರು ಪ್ರೊಪೇನ್ ಕಪಾಟುಗಳ ಪಟ್ಟಿ ಕಳುಹಿಸಿದ್ದಾರೆ. ಬೇಸಿಗೆಯಲ್ಲಿ ಹೊರಗಿನ ಉಷ್ಣಾಂಶ 40 ಡಿಗ್ರಿ ಮುಟ್ಟುವ ಸ್ಥಳಕ್ಕೆ ಇವುಗಳಲ್ಲಿ ನಿಜವಾಗಿಯೂ ಪರಿಸರಸ್ನೇಹಿ ಎನ್ನಿಸಿಕೊಳ್ಳುವುದು ಯಾವುದು? ಕೈಯಾರೆ ಕೆಲಸ ಮಾಡಿದವರ ಅಭಿಪ್ರಾಯ ಬೇಕು.

ತಾಪಮಾಪಕ
ಗ್ಯಾಸ್ ಯಾವುದೆಂದು ಕೇಳುವ ಮೊದಲು ಒಂದು ಮಾತು ತಿಳಿಸಿ: ವರ್ಷಕ್ಕೆ ಎಷ್ಟು ಕೆಜಿ ಮರುಭರ್ತಿ ಮಾಡುತ್ತಿದ್ದೀರಿ?

ಶೈತ್ಯಪಾಲ
ದಾಖಲೆಯ ಪ್ರಕಾರ ಸುಮಾರು 40 ಕೆಜಿ. ಇಂತಹ ವ್ಯವಸ್ಥೆಗಳಲ್ಲಿ ಇದು ಸಹಜವೆಂದು ಸೇವಾ ಗುತ್ತಿಗೆದಾರರು ಹೇಳುತ್ತಾರೆ.

ತಾಪಮಾಪಕ
ಸಾಮಾನ್ಯವಾಗಿ ನಡೆಯುತ್ತಿರುವುದು ಹಾಗೆಯೇ ಎಂಬುದು ನಿಜ. ಆದರೆ ಅದನ್ನು ಸಹಜವೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಲೆಕ್ಕ ಹಾಕಿ ನೋಡೋಣ. 40 ಕೆಜಿಯನ್ನು 3922ರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 157 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಸೋರಿಕೆಯಾಗುತ್ತದೆ. ಗ್ಯಾಸನ್ನು ಆರ್-449ಎಗೆ ಬದಲಿಸಿ, ಸೋರಿಕೆಯನ್ನು ಹಾಗೆಯೇ ಬಿಟ್ಟರೆ ಅದು 56 ಟನ್ನಿಗೆ ಇಳಿಯುತ್ತದೆ. ಗ್ಯಾಸನ್ನು ಬದಲಿಸದೆ, ಸೋರಿಕೆಯನ್ನು ಮಾತ್ರ 10 ಕೆಜಿಗೆ ತಂದರೆ 39 ಟನ್ ಆಗುತ್ತದೆ. ಅಂದರೆ ಕೊಳವೆಗಳನ್ನು ಸರಿಪಡಿಸಿದ ಹಳೆಯ ಗ್ಯಾಸು, ಸೋರುತ್ತಲೇ ಇರುವ ಹೊಸ ಗ್ಯಾಸಿಗಿಂತ ಕಡಿಮೆ ಹಾನಿ ಮಾಡುತ್ತದೆ. ಎರಡನ್ನೂ ಮಾಡಿದರೆ 14 ಟನ್. ಸಿಲಿಂಡರಿನ ಮೇಲಿನ ಅಂಕಿಯನ್ನಷ್ಟೇ ನೋಡಿ ತೀರ್ಮಾನಿಸುವವರು ಈ ಗುಣಾಕಾರವನ್ನು ಒಮ್ಮೆಯಾದರೂ ಮಾಡಿ ನೋಡಬೇಕು.

ಹಸಿರುಹಾದಿ
ತಾಪಮಾಪಕ ಅವರೇ, ಲೆಕ್ಕ ಸರಿಯಾಗಿದೆ, ಆದರೆ ಈ ವಾದದ ಪರಿಣಾಮದ ಬಗ್ಗೆ ನನಗೆ ತಕರಾರಿದೆ. ‘ಮೊದಲು ಸೋರಿಕೆ ನಿಲ್ಲಿಸೋಣ, ಗ್ಯಾಸಿನ ವಿಚಾರ ಆಮೇಲೆ’ ಎಂದು ಹೇಳಿ ಬದಲಾವಣೆಯನ್ನೇ ಮುಂದಕ್ಕೆ ತಳ್ಳುವವರನ್ನು ಬಹಳ ಕಂಡಿದ್ದೇನೆ. ಇಂದು ಸರಿಪಡಿಸಿದ ಜೋಡಣೆ ಕಂಪನಕ್ಕೆ ಸಿಕ್ಕಿ ಮತ್ತೆ ಸೋರುತ್ತದೆ.

ಇದಲ್ಲದೆ, ಆರ್-404ಎ ಮುಂದೆಯೂ ಇದೇ ರೀತಿ ಸಿಗುತ್ತಿರುತ್ತದೆಂದು ಯಾರೂ ನಂಬಿ ಕೂರಬಾರದು. ಓಜೋನ್ ರಕ್ಷಣೆಯ ಮಾಂಟ್ರಿಯಲ್ ಒಪ್ಪಂದಕ್ಕೆ 2016ರ ಅಕ್ಟೋಬರಿನಲ್ಲಿ ಕಿಗಾಲಿಯಲ್ಲಿ ಒಪ್ಪಿಗೆಯಾದ ತಿದ್ದುಪಡಿ 2019ರ ಜನವರಿ 1ರಿಂದ ಜಾರಿಯಲ್ಲಿದೆ. ಅಭಿವೃದ್ಧಿ ಹೊಂದಿದ ರಾಷ್ಟ್ರಗಳು ಎಚ್‌ಎಫ್‌ಸಿ (ಆರ್-404ಎ ಸೇರಿರುವ ಹೈಡ್ರೋಫ್ಲೋರೊಕಾರ್ಬನ್ ಗುಂಪಿನ ಗ್ಯಾಸುಗಳು) ಬಳಕೆಯನ್ನು 2036ರ ಹೊತ್ತಿಗೆ ಶೇ. 85ರಷ್ಟು ತಗ್ಗಿಸಬೇಕು, ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಒಂದು ಗುಂಪು 2024ರಲ್ಲಿ, ಇನ್ನೊಂದು ಗುಂಪು 2028ರಲ್ಲಿ ಬಳಕೆಯ ಏರಿಕೆಯನ್ನು ತಡೆಹಿಡಿಯಬೇಕು. ಯುರೋಪಿನ ಒಕ್ಕೂಟವಂತೂ ತಾಪನ ಸಾಮರ್ಥ್ಯ 2500 ದಾಟಿದ ಹೊಸ ಗ್ಯಾಸನ್ನು 40 ಟನ್ ಕಾರ್ಬನ್ ಡೈಆಕ್ಸೈಡ್ ಸಮಾನಕ್ಕಿಂತ ಹೆಚ್ಚು ಭರ್ತಿಯಿರುವ ಶೈತ್ಯ ವ್ಯವಸ್ಥೆಗಳ ಮರುಭರ್ತಿಗೆ ಬಳಸುವುದನ್ನು 2020ರಲ್ಲಿಯೇ ನಿಷೇಧಿಸಿತು. ಆರ್-404ಎ ಲೆಕ್ಕದಲ್ಲಿ 40 ಟನ್ ಎಂದರೆ ಬರೀ ಹತ್ತು ಕೆಜಿ.

ತಾಪಮಾಪಕ
ಮುಂದಕ್ಕೆ ತಳ್ಳಿ ಎಂದು ನಾನು ಹೇಳಿಲ್ಲ. ಸೋರುವ ಕೊಳವೆಗಳಿಗೆ ಹೊಸ ಗ್ಯಾಸ್ ತುಂಬಿ ಅದನ್ನು ಪರಿಸರ ಸೇವೆ ಎಂದು ಕರೆಯಬೇಡಿ ಎಂದಷ್ಟೇ ಹೇಳಿದ್ದು.

ಕಂಪ್ರೆಸರ್ ಮಿತ್ರ
ಸೋರಿಕೆ ಹುಡುಕುವುದೇ ನನ್ನ ಕಸುಬಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಗ್ಯಾಸು ಕೊಳವೆಯ ನಡುವಿನಲ್ಲಿ ಸೋರುವುದು ಅಪರೂಪ. ಕೊಳವೆಗಳನ್ನು ಜೋಡಿಸುವ ಫ್ಲೇರ್ ನಟ್ಟುಗಳು, ಮುಚ್ಚಳ ಕಳೆದುಹೋದ ಸರ್ವಿಸ್ ವಾಲ್ವುಗಳು, ಒಂದಕ್ಕೊಂದು ಉಜ್ಜಿಕೊಂಡು ತೂತಾದ ಸಣ್ಣ ಕೊಳವೆಗಳು, ತೊಳೆಯುವ ರಾಸಾಯನಿಕದಿಂದ ಸವೆದ, ಕಪಾಟನ್ನು ತಣಿಸುವ ಇವ್ಯಾಪರೇಟರ್ ಕಾಯಿಲ್‌ಗಳು ಮತ್ತು ಕಂಪ್ರೆಸರ್ ಪಕ್ಕದಲ್ಲಿ ಸದಾ ನಡುಗುವ ಜೋಡಣೆಗಳು, ಇಷ್ಟನ್ನು ಶ್ರದ್ಧೆಯಿಂದ ನೋಡಿದರೆ ಬಹುಪಾಲು ಸೋರಿಕೆ ಸಿಕ್ಕಿಬಿಡುತ್ತದೆ. ಎಣ್ಣೆಯ ಕಲೆ ಎಲ್ಲಿದೆಯೋ ಅಲ್ಲಿ ಗ್ಯಾಸು ಹೋಗುತ್ತಿದೆ ಎಂದೇ ತಿಳಿಯಿರಿ, ಏಕೆಂದರೆ ಗ್ಯಾಸಿನೊಂದಿಗೆ ಎಣ್ಣೆಯೂ ಹೊರಬರುತ್ತದೆ.

ಒಂದು ಭಾಗವನ್ನು ಖಾಲಿ ಮಾಡಿ ಪರೀಕ್ಷಿಸುವಾಗ ಒಣ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ಒಂದು ರಾತ್ರಿ ಕಾಯಬೇಕು. ಸೂಕ್ಷ್ಮ ಸೋರಿಕೆಗೆ ಶೇ. 5ರಷ್ಟು ಹೈಡ್ರೋಜನ್ ಬೆರೆಸಿದ ನೈಟ್ರೋಜನ್ ಸಿಗುತ್ತದೆ. ಅದು ಹೊತ್ತಿಕೊಳ್ಳುವುದಿಲ್ಲ, ಡಿಟೆಕ್ಟರಿಗೆ ಮಾತ್ರ ಬೇಗ ಸಿಗುತ್ತದೆ. ಕೊಳವೆಗಳನ್ನು ಕಾಯಿಸಿ ಬೆಸೆಯುವ ಬ್ರೇಜಿಂಗ್ ಮಾಡುವಾಗಲೂ ಒಳಗೆ ನೈಟ್ರೋಜನ್ ಹರಿಯುತ್ತಿರಲೇಬೇಕು. ಇಲ್ಲದಿದ್ದರೆ ಒಳಗೋಡೆಯಲ್ಲಿ ಕಪ್ಪು ಪದರ ಕಟ್ಟಿ, ಅದೇ ಮುಂದೆ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ (ಶೀತಕದ ಒತ್ತಡ ಇಳಿಸುವ ಕಿರಿದಾದ ದ್ವಾರ) ಸಿಕ್ಕಿಕೊಳ್ಳುತ್ತದೆ. ಬೇಗ ಮುಗಿಸಿ ಹೊರಡುವ ಆತುರದಲ್ಲಿ ಈ ಹೆಜ್ಜೆಯನ್ನು ಬಿಟ್ಟುಬಿಡುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನೀಲಿಜ್ವಾಲೆ
ಇಷ್ಟುದ್ದದ ಕೊಳವೆಗಳೇ ಇಲ್ಲದಿದ್ದರೆ ಈ ಸಮಸ್ಯೆಯೂ ಇರುವುದಿಲ್ಲವಲ್ಲ! ಕಾರ್ಖಾನೆಯಲ್ಲಿಯೇ ಸೀಲು ಮಾಡಿ ಬರುವ ಪ್ರೊಪೇನ್ ಕಪಾಟುಗಳನ್ನು ಶೈತ್ಯಪಾಲ ಅವರು ಗಂಭೀರವಾಗಿ ಪರಿಗಣಿಸಬೇಕೆಂದು ನನ್ನ ಒತ್ತಾಯ. ಆರ್-290ರ (ಪ್ರೊಪೇನಿನ ಶೀತಕ ಹೆಸರು) ತಾಪನ ಸಾಮರ್ಥ್ಯವನ್ನು ಹಳೆಯ ಪಟ್ಟಿಗಳು 3 ಎಂದು ಕೊಡುತ್ತವೆ, ಇತ್ತೀಚಿನ ಅಂದಾಜು ಒಂದಕ್ಕಿಂತಲೂ ಕಡಿಮೆ. ಅದರ ಉಷ್ಣ ಗುಣಗಳು ಉತ್ತಮವಾಗಿದ್ದು ವಿದ್ಯುತ್ತೂ ಉಳಿಯುತ್ತದೆ. ಹಿಂದೆ ಒಂದು ಸರ್ಕ್ಯೂಟಿಗೆ 150 ಗ್ರಾಂ ಮಾತ್ರ ತುಂಬಬಹುದೆಂಬ ಮಿತಿಯಿದ್ದುದರಿಂದ ದೊಡ್ಡ ಕಪಾಟುಗಳಿಗೆ ಹಲವು ಸರ್ಕ್ಯೂಟುಗಳು ಬೇಕಾಗುತ್ತಿದ್ದವು. ವಿದ್ಯುತ್ ಉಪಕರಣಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60335-2-89ರ 2019ರ ಆವೃತ್ತಿ ಆ ಮಿತಿಯನ್ನು ಸುಮಾರು 500 ಗ್ರಾಂಗೆ ಏರಿಸಿದ ಮೇಲೆ ಆ ಅಡಚಣೆ ಬಹಳಷ್ಟು ನೀಗಿದೆ.

ಕಲಿಕೆಯಲ್ಲಿರುವವ
ಈ ಕೆಲಸಕ್ಕೆ ಹೊಸಬನಾದ್ದರಿಂದ ಕೇಳುತ್ತಿದ್ದೇನೆ. ಪ್ರೊಪೇನ್ ಇಷ್ಟು ಒಳ್ಳೆಯದಾದರೆ, ಈಗಿರುವ ರ‍್ಯಾಕಿನಿಂದ ಆರ್-404ಎ ತೆಗೆದು ಅದನ್ನೇ ಏಕೆ ತುಂಬಬಾರದು?

ಕಂಪ್ರೆಸರ್ ಮಿತ್ರ
ಬೇಡ. ಯಾವ ಕಾರಣಕ್ಕೂ ಬೇಡ.

ನೀಲಿಜ್ವಾಲೆ
ಪ್ರೊಪೇನಿನ ಪರ ವಾದಿಸುವ ನಾನೇ ಇದಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 2.1ಕ್ಕೆ, ಅಂದರೆ ಒಂದು ಘನ ಮೀಟರಿಗೆ ಸುಮಾರು 38 ಗ್ರಾಂಗೆ ಬಂದರೆ ಹೊತ್ತಿಕೊಳ್ಳಬಲ್ಲದು. ಪ್ರೊಪೇನ್ ಹಗುರವಾದ್ದರಿಂದ ಈ ರ‍್ಯಾಕಿಗೆ 200 ಕೆಜಿ ಬೇಕಾಗದು, 80 ಕೆಜಿ ಎಂದಿಟ್ಟುಕೊಳ್ಳಿ. ಅಷ್ಟು ಹೊರಬಿದ್ದರೆ 2,000 ಘನ ಮೀಟರಿಗೂ ಹೆಚ್ಚು ಗಾಳಿಯನ್ನು ಸ್ಫೋಟಕ ಮಿಶ್ರಣವನ್ನಾಗಿ ಮಾಡಬಲ್ಲದು, ಅದೂ ಜನರು ಓಡಾಡುವ ಸ್ಥಳದಲ್ಲಿ. ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಹಳೆಯ ಕಪಾಟಿನ ಥರ್ಮೋಸ್ಟಾಟ್, ರಿಲೇ, ಫ್ಯಾನ್ ಸ್ವಿಚ್ಚುಗಳಲ್ಲಿ ಒಂದೂ ಕಿಡಿರಹಿತವಾಗಿ ತಯಾರಾದುದಲ್ಲ. 500 ಗ್ರಾಂ ಮಿತಿ ಇರುವುದು ಈ ಕಾರಣಕ್ಕೇ. ಆ ಮಿತಿಯೊಳಗೂ, ಗ್ಯಾಸ್ ಒಂದೆಡೆ ನಿಲ್ಲದೆ ಗಾಳಿಯಲ್ಲಿ ಬೆರೆತುಹೋಗುತ್ತದೆಯೇ ಎಂಬ ಪರೀಕ್ಷೆಯಲ್ಲಿ ಕಪಾಟು ತೇರ್ಗಡೆಯಾಗಬೇಕು.

ಹಳೆಯ ಗೇಜು
ಆರ್-22 ಎಂಬ ಹಳೆಯ ಶೀತಕದ ಯಂತ್ರಗಳಿಗೆ ಅಡುಗೆ ಅನಿಲ ತುಂಬಿ ನಡೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಂತ್ರ ಚೆನ್ನಾಗಿಯೇ ತಣಿಸುತ್ತಿತ್ತು. ಎಲ್ಲರೂ ಅಗತ್ಯಕ್ಕಿಂತ ಹೆಚ್ಚು ಹೆದರಿಸುತ್ತಿದ್ದೀರಿ ಎನ್ನಿಸುತ್ತದೆ.

ಕಂಪ್ರೆಸರ್ ಮಿತ್ರ
ಹಿರಿಯರೇ, ನಿಮ್ಮ ಅನುಭವಕ್ಕೆ ಗೌರವವಿದೆ, ಆದರೆ ಈ ಮಾತನ್ನು ಒಪ್ಪಲಾರೆ. ಯಂತ್ರ ತಣಿಸುತ್ತದೆ ಎಂಬುದರ ಬಗ್ಗೆ ಯಾರಿಗೂ ಸಂಶಯವಿಲ್ಲ. ಅಡುಗೆ ಅನಿಲದಲ್ಲಿ ಪ್ರೊಪೇನ್ ಜೊತೆಗೆ ಬ್ಯೂಟೇನ್, ತೇವಾಂಶ ಮತ್ತು ವಾಸನೆಗಾಗಿ ಸೇರಿಸಿದ ಗಂಧಕದ ಸಂಯುಕ್ತಗಳಿರುತ್ತವೆ. ಅದು ಶೀತಕ ದರ್ಜೆಯದಲ್ಲ. ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ಮುಂದೆ ಆ ಯಂತ್ರದ ರಿಪೇರಿಗೆ ಬರುವ ತಂತ್ರಜ್ಞ ಫಲಕದ ಮೇಲೆ ಆರ್-22 ಎಂದು ಓದಿ ಟಾರ್ಚ್ ಹಚ್ಚುತ್ತಾನೆ. ಅವನ ಕೈಯಲ್ಲಿರುವ ಎಚ್‌ಎಫ್‌ಸಿ ಡಿಟೆಕ್ಟರಿಗೆ ಪ್ರೊಪೇನ್ ಇರುವುದು ಗೊತ್ತಾಗದೇ ಹೋಗಬಹುದು.

ತಾಪಮಾಪಕ
ಪ್ಲಗ್ ಹಾಕಿ ನಡೆಸುವ ಪ್ರೊಪೇನ್ ಕಪಾಟುಗಳ ಬಗ್ಗೆ ಯಾರೂ ಹೇಳದ ಒಂದು ಸಂಗತಿಯಿದೆ. ಅವುಗಳ ಬಿಸಿ ಹೊರಹಾಕುವ ಭಾಗವಾದ ಕಂಡೆನ್ಸರ್ ಕಪಾಟಿನಲ್ಲಿಯೇ ಇರುವುದರಿಂದ ಬಿಸಿಯೆಲ್ಲ ಮಳಿಗೆಯ ಒಳಗೇ ಬೀಳುತ್ತದೆ. ಬಿಸಿ ಹವೆಯ ಸ್ಥಳದಲ್ಲಿ ಅಷ್ಟನ್ನೂ ಹವಾನಿಯಂತ್ರಕ ಹೊರಹಾಕಬೇಕು. ಒಂದು ಕಡೆ ಉಳಿಸಿದ ವಿದ್ಯುತ್ತು ಇನ್ನೊಂದು ಕಡೆ ಹೋಗುತ್ತದೆ. ಕಪಾಟುಗಳ ಕಂಡೆನ್ಸರನ್ನು ನೀರಿನ ಕೊಳವೆಗೆ ಜೋಡಿಸಿ, ಆ ನೀರನ್ನು ಹೊರಗೆ ತಣಿಸುವ ವಿನ್ಯಾಸದಲ್ಲಿ ಈ ದೋಷ ಇರುವುದಿಲ್ಲ. ಉದ್ದದ ಕೊಳವೆಯಲ್ಲಿ ಹರಿಯುವುದು ನೀರು ಅಥವಾ ಗ್ಲೈಕಾಲ್ ಆದ್ದರಿಂದ ಸೋರಿದರೂ ವಾತಾವರಣಕ್ಕೆ ಹಾನಿಯಿಲ್ಲ.

ಒತ್ತಡಮಾಪಿ
ಇನ್ನು ಕಾರ್ಬನ್ ಡೈಆಕ್ಸೈಡ್ ಬಗ್ಗೆ ಬರೆಯುತ್ತೇನೆ. ಶೀತಕವಾಗಿ ಆರ್-744 ಎಂದು ಕರೆಯುವ ಇದು ನನ್ನ ಮೆಚ್ಚಿನ ವಿಷಯ. ಇದು ಹೊಸ ಶೀತಕವೇನಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹಡಗುಗಳ ಶೈತ್ಯಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿತ್ತು. ಕ್ಲೋರೊಫ್ಲೋರೊಕಾರ್ಬನ್‌ಗಳು ಬಂದ ಮೇಲೆ ಮೂಲೆಗುಂಪಾಯಿತು. ನಾರ್ವೆಯ ಗುಸ್ತಾವ್ ಲೊರೆಂಟ್ಜೆನ್ ಅವರು 1980ರ ದಶಕದ ಕೊನೆಯಿಂದ ಇದನ್ನು ಮತ್ತೆ ಮುನ್ನೆಲೆಗೆ ತಂದರು.

ತೊಡಕು ಇರುವುದು ಅದರ ಭೌತಗುಣದಲ್ಲಿ. ಅದರ ಕ್ರಾಂತಿಕ ಉಷ್ಣಾಂಶ 31 ಡಿಗ್ರಿ ಸೆಲ್ಸಿಯಸ್, ಕ್ರಾಂತಿಕ ಒತ್ತಡ ಸುಮಾರು 74 ಬಾರ್. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಅನಿಲವು ದ್ರವವಾಗುವುದೇ ಇಲ್ಲ. ಆಗ ಕಂಡೆನ್ಸರಿನ ಬದಲು ಗ್ಯಾಸ್ ಕೂಲರ್ ಎಂದು ಕರೆಯುವ ಭಾಗದಲ್ಲಿ 90, 100 ಬಾರ್ ಅಥವಾ ಅದಕ್ಕೂ ಮೇಲಿನ ಒತ್ತಡದಲ್ಲಿ ಅದನ್ನು ತಣಿಸಬೇಕು. ಆರ್-404ಎ 40 ಡಿಗ್ರಿಯಲ್ಲಿ ಸುಮಾರು 18 ಬಾರ್‌ನಲ್ಲಿ ದ್ರವವಾಗುತ್ತದೆ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಎಕ್ಸ್‌ಪ್ಯಾನ್ಷನ್ ನಂತರ ಬಹಳಷ್ಟು ಪಾಲು ಅನಿಲವಾಗಿಯೇ ಉಳಿಯುವುದರಿಂದ ಸರಳ ವಿನ್ಯಾಸದ ಯಂತ್ರ ಬೇಸಿಗೆಯಲ್ಲಿ ಹೆಚ್ಚು ವಿದ್ಯುತ್ತು ನುಂಗುತ್ತದೆ.

ಇದಕ್ಕೆ ಪರಿಹಾರಗಳಿವೆ. ಆ ಅನಿಲವನ್ನು ಕೆಳ ಒತ್ತಡಕ್ಕೆ ಇಳಿಸದೆ ನೇರವಾಗಿ ಎಳೆದುಕೊಳ್ಳುವ ಪ್ಯಾರಲಲ್ ಕಂಪ್ರೆಸರ್, ವ್ಯರ್ಥವಾಗುವ ಒತ್ತಡದಿಂದಲೇ ಕೆಲಸ ಮಾಡಿಸಿಕೊಳ್ಳುವ ಇಜೆಕ್ಟರ್, ಗ್ಯಾಸ್ ಕೂಲರಿಗೆ ಬರುವ ಗಾಳಿಯನ್ನು ನೀರಿನಿಂದ ಮೊದಲೇ ತಣಿಸುವ ವ್ಯವಸ್ಥೆ, ಇವುಗಳನ್ನು ಸೇರಿಸಿದರೆ ಬಿಸಿ ಹವೆಯಲ್ಲಿಯೂ ನಡೆಸಬಹುದು. ಹೊರಬೀಳುವ ಬಿಸಿಯಿಂದ ಬಿಸಿನೀರನ್ನೂ ಪಡೆಯಬಹುದು.

ಹಳೆಯ ಗೇಜು
ವಿದ್ಯುತ್ ಹೋದರೆ ಏನು ಗತಿ? 25 ಡಿಗ್ರಿಯಲ್ಲಿಯೇ ಅದರ ಒತ್ತಡ 64 ಬಾರ್ ಆಗುತ್ತದೆ. ಯಂತ್ರ ನಿಂತರೆ ಸೇಫ್ಟಿ ವಾಲ್ವು ತೆರೆದು ಗ್ಯಾಸೆಲ್ಲ ಹೊರಗೆ ಹೋಗುತ್ತದೆ.

ಒತ್ತಡಮಾಪಿ
ನಿಮ್ಮ ಆತಂಕ ಸರಿಯಾದದ್ದೇ. ಆದ್ದರಿಂದಲೇ ದ್ರವ ಶೇಖರಿಸುವ ತೊಟ್ಟಿಯಾದ ರಿಸೀವರನ್ನು ತಂಪಾಗಿಡಲು ಪ್ರತ್ಯೇಕ ಸಣ್ಣ ಘಟಕವನ್ನು ಇಟ್ಟು ಅದಕ್ಕೆ ಜನರೇಟರ್ ಸಂಪರ್ಕ ಕೊಡುತ್ತಾರೆ. ಇನ್ನೂ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಎರಡು ವಾಲ್ವುಗಳ ನಡುವೆ ದ್ರವ ಸಿಕ್ಕಿಕೊಂಡು ಬಿಸಿಯಾದರೆ ಒತ್ತಡ ವಿಪರೀತ ಏರಿ ಕೊಳವೆ ಸಿಡಿಯಬಹುದು, ಹಾಗಾಗಿ ಅಂತಹ ಪ್ರತಿ ಭಾಗಕ್ಕೂ ರಕ್ಷಣಾ ವಾಲ್ವು ಬೇಕು. ಎರಡನೆಯದು, 5.2 ಬಾರ್‌ಗಿಂತ ಕೆಳಗೆ ಅದು ದ್ರವವಾಗಿ ಇರಲಾರದು, ಒಣ ಮಂಜುಗಡ್ಡೆಯಾಗುತ್ತದೆ. ವ್ಯಾಕ್ಯೂಮ್ ಮಾಡಿದ ಯಂತ್ರಕ್ಕೆ ನೇರವಾಗಿ ದ್ರವ ತುಂಬಿದರೆ ಕೊಳವೆ ಒಳಗೇ ಕಟ್ಟಿಕೊಳ್ಳುತ್ತದೆ. ಮೊದಲು ಅನಿಲ ತುಂಬಿ ಒತ್ತಡವನ್ನು ಆ ಮಟ್ಟಕ್ಕಿಂತ ಮೇಲೆ ತಂದ ನಂತರವೇ ದ್ರವ ಬಿಡಬೇಕು.

ಕಲಿಕೆಯಲ್ಲಿರುವವ
ಹಾಗಿದ್ದರೂ ಅದು ವಿಷವಲ್ಲ, ಬೆಂಕಿ ಹತ್ತುವುದಿಲ್ಲ, ತಾಪನ ಸಾಮರ್ಥ್ಯವೂ ಕೇವಲ 1. ಸೋರಿದರೆ ಚಿಂತೆಯಿಲ್ಲ ಎನ್ನಬಹುದಲ್ಲವೇ?

ಕಂಪ್ರೆಸರ್ ಮಿತ್ರ
ಹಾಗೆಂದು ತಿಳಿದು ಶೀತಲ ಕೋಣೆಯೊಳಗೆ ಹೋಗಬೇಡ ತಮ್ಮಾ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಎಂಟು ಗಂಟೆಗಳ ಕೆಲಸಕ್ಕೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ಹತ್ತು ಲಕ್ಷಕ್ಕೆ 5,000 ಭಾಗ, ಅಂದರೆ ಶೇ. 0.5. ಅದು ಶೇಕಡಾವಾರು ಅಂಕಿಗಳಿಗೆ ಏರುತ್ತಿದ್ದಂತೆ ತಲೆನೋವು, ಏದುಸಿರು, ಕೊನೆಗೆ ಪ್ರಜ್ಞೆ ತಪ್ಪುವುದು. ಡಿಟೆಕ್ಟರನ್ನು ನೆಲದ ಹತ್ತಿರ ಅಳವಡಿಸಿ, ಎಚ್ಚರಿಕೆಯ ದೀಪವನ್ನು ಬಾಗಿಲಿನ ಹೊರಗೂ ಇಡಬೇಕು. ಅಮೋನಿಯಾ ಸೋರಿದರೆ ಮೂಗೇ ಹೇಳುತ್ತದೆ, ಇದು ಹೇಳುವುದಿಲ್ಲ.

ಶೈತ್ಯಪಾಲ
ಅಮೋನಿಯಾದ ಹೆಸರು ಬಂದದ್ದರಿಂದ ಕೇಳುತ್ತೇನೆ, ಅದು ನಮಗೆ ಆಗಬಹುದೇ?

ಒತ್ತಡಮಾಪಿ
ಮಳಿಗೆಗೆ ಬೇಡ. ತಾಪನ ಸಾಮರ್ಥ್ಯ ಸೊನ್ನೆ, ದಕ್ಷತೆ ಅತ್ಯುತ್ತಮ, ದೊಡ್ಡ ಶೈತ್ಯಾಗಾರಗಳಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಆದರೆ ಅದು ವಿಷಕಾರಿ, ತಾಮ್ರವನ್ನು ತಿನ್ನುವುದರಿಂದ ಕೊಳವೆಗಳೆಲ್ಲ ಉಕ್ಕಿನವಾಗಿರಬೇಕು, ಮತ್ತು ಜನಸಂದಣಿಯಿಂದ ದೂರದ ಯಂತ್ರಕೋಣೆಯಲ್ಲಿಯೇ ಇರಬೇಕು.

ಹಸಿರುಹಾದಿ
ಆರ್-449ಎ ವಿಷಯಕ್ಕೆ ಹಿಂದಿರುಗೋಣ. 1397 ಎಂಬುದನ್ನು ಪರಿಸರಸ್ನೇಹಿ ಎಂದು ಕರೆಯಲು ನನಗೆ ಇಷ್ಟವಿಲ್ಲ, ಅದು ಇನ್ನೊಂದು ಹಳೆಯ ಶೀತಕವಾದ ಆರ್-134ಎಯ ಮಟ್ಟದಲ್ಲಿಯೇ ಇದೆ. ಈ ಅಂಕಿಗಳೆಲ್ಲ ನೂರು ವರ್ಷಗಳ ಅವಧಿಯ ಲೆಕ್ಕ ಎಂಬುದೂ ನೆನಪಿರಲಿ. ಆರ್-134ಎಯ ತಾಪನ ಸಾಮರ್ಥ್ಯ ಇತ್ತೀಚಿನ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ) ವರದಿಯಲ್ಲಿ ನೂರು ವರ್ಷಕ್ಕೆ 1530 ಇದ್ದರೆ ಇಪ್ಪತ್ತು ವರ್ಷಕ್ಕೆ 4140.

150ಕ್ಕಿಂತ ಕಡಿಮೆಯಿರುವ ಆರ್-454ಸಿ, ಆರ್-455ಎ ಮುಂತಾದ ಮಿಶ್ರಣಗಳೂ ಇವೆ, ಆದರೆ ಅವು ನಿಧಾನವಾಗಿ ಹೊತ್ತಿಕೊಳ್ಳುವ ವರ್ಗಕ್ಕೆ ಸೇರಿವೆ. ಅವುಗಳ ಮುಖ್ಯ ಘಟಕವಾದ ಆರ್-1234ವೈಎಫ್ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಒಡೆದು ಟ್ರೈಫ್ಲೋರೊಅಸಿಟಿಕ್ ಆಮ್ಲವಾಗಿ ಮಳೆಯೊಂದಿಗೆ ನೆಲಕ್ಕಿಳಿಯುತ್ತದೆ, ಮತ್ತು ಆ ಆಮ್ಲ ನಿಸರ್ಗದಲ್ಲಿ ಒಡೆದು ನಾಶವಾಗುವುದಿಲ್ಲ. ಯುರೋಪಿನ ಐದು ದೇಶಗಳು 2023ರಲ್ಲಿ ಮುಂದಿಟ್ಟ ಶಾಶ್ವತ ರಾಸಾಯನಿಕಗಳ ನಿರ್ಬಂಧದ ಪ್ರಸ್ತಾವದಲ್ಲಿ ಈ ಶೀತಕಗಳೂ ಸೇರಿವೆ. ಓಜೋನ್ ಉಳಿಸಲು ಎಚ್‌ಎಫ್‌ಸಿ ತಂದೆವು, ಅದು ಭೂಮಿಯನ್ನು ಬಿಸಿ ಮಾಡಿತು. ಮತ್ತೊಮ್ಮೆ ಅಂತಹುದೇ ದಾರಿ ಹಿಡಿಯುವುದು ಬೇಡವೆಂದು ಕಳಕಳಿಯಿಂದ ಹೇಳುತ್ತೇನೆ.

ತಾಪಮಾಪಕ
ಆ ಆಮ್ಲದ ಸಾಂದ್ರತೆ ಈಗ ಯಾವ ಮಟ್ಟದಲ್ಲಿ ಹಾನಿಕರ ಎಂಬುದು ಇನ್ನೂ ಚರ್ಚೆಯಲ್ಲಿದೆ, ಹವಾಮಾನದ ಹಾನಿ ಚರ್ಚೆಯಲ್ಲಿಲ್ಲ. ನಿಮ್ಮ ಕಳಕಳಿಯನ್ನು ಒಪ್ಪುತ್ತೇನೆ, ಆದರೆ ಇಂದು ಸೋರುತ್ತಿರುವ 157 ಟನ್ನನ್ನು ಇಂದೇ ಇಳಿಸುವ ಮಾರ್ಗವನ್ನು ಬಿಡಬಾರದು. ಹೊಸ ವ್ಯವಸ್ಥೆಗೆ ನೈಸರ್ಗಿಕ ಶೀತಕ, ಹಳೆಯ ವ್ಯವಸ್ಥೆಯ ಉಳಿದ ಆಯುಷ್ಯಕ್ಕೆ ಮಧ್ಯಂತರ ಮಿಶ್ರಣ, ಇದು ನನ್ನ ನಿಲುವು.

ಇನ್ನೊಂದು ವಿಷಯ: ಶೈತ್ಯಪಾಲ ಅವರ ಕಪಾಟುಗಳಿಗೆ ಬಾಗಿಲುಗಳಿವೆಯೇ? ತೆರೆದ ಕಪಾಟಿನ ಶೈತ್ಯಭಾರದಲ್ಲಿ ಬಹುಪಾಲು ಒಳನುಗ್ಗುವ ಹೊರಗಾಳಿಯದ್ದೇ. ಗಾಜಿನ ಬಾಗಿಲು ಹಾಕಿದರೆ ಮುಂದೆ ಕೊಳ್ಳುವ ಯಂತ್ರವೂ ಚಿಕ್ಕದಾಗುತ್ತದೆ, ಅದಕ್ಕೆ ಬೇಕಾದ ಗ್ಯಾಸೂ ಕಡಿಮೆಯಾಗುತ್ತದೆ.

ಶೈತ್ಯಪಾಲ
ಬಾಗಿಲುಗಳಿಲ್ಲ. ಅವನ್ನು ಈ ವರ್ಷವೇ ಹಾಕಿಸಲು ಪ್ರಸ್ತಾವ ಸಲ್ಲಿಸುತ್ತೇನೆ. ಚರ್ಚೆಯ ನಂತರ ನನ್ನ ಆಲೋಚನೆ ಹೀಗಿದೆ: ಮೊದಲು ಸೋರಿಕೆ ತಪಾಸಣೆ, ಅದು ಮುಗಿದು ಒತ್ತಡ ನಿಂತ ಮೇಲೆ ಆರ್-449ಎ, ರ‍್ಯಾಕಿನ ಆಯುಷ್ಯ ಮುಗಿಯುವಾಗ ಕಾರ್ಬನ್ ಡೈಆಕ್ಸೈಡ್ ಅಥವಾ ನೀರಿನ ಜೋಡಣೆಯ ಪ್ರೊಪೇನ್ ಕಪಾಟುಗಳು. ಹೊರತೆಗೆದ 200 ಕೆಜಿಯನ್ನು ಏನು ಮಾಡಬೇಕು? ಗುತ್ತಿಗೆದಾರರು ಆ ಬಗ್ಗೆ ಸ್ಪಷ್ಟವಾಗಿ ಉತ್ತರಿಸುತ್ತಿಲ್ಲ.

ಹಸಿರುಹಾದಿ
ಸ್ಪಷ್ಟ ಉತ್ತರ ಬರುವವರೆಗೆ ಕೆಲಸ ಆರಂಭಿಸಲು ಬಿಡಬೇಡಿ. ಅಷ್ಟನ್ನೂ ಗಾಳಿಗೆ ಬಿಟ್ಟರೆ 784 ಟನ್, ಅಂದರೆ ಈಗಿನ ಸೋರಿಕೆಯ ಐದು ವರ್ಷಗಳ ಪಾಲನ್ನು ಒಂದೇ ದಿನದಲ್ಲಿ ಹೊರಬಿಟ್ಟಂತೆ.

ಕಂಪ್ರೆಸರ್ ಮಿತ್ರ
ರಿಕವರಿ ಯಂತ್ರದಿಂದ ರಿಕವರಿ ಸಿಲಿಂಡರುಗಳಿಗೇ ತೆಗೆಸಿ, ಯಾವ ಸಿಲಿಂಡರನ್ನೂ ಶೇ. 80ಕ್ಕಿಂತ ಹೆಚ್ಚು ತುಂಬಲು ಬಿಡಬೇಡಿ, ಬೇರೆ ಗ್ಯಾಸಿನೊಂದಿಗೆ ಬೆರೆಸಲೂ ಬಿಡಬೇಡಿ. ಬೆರೆತ ಗ್ಯಾಸನ್ನು ಶುದ್ಧೀಕರಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಪ್ರತಿ ಸಿಲಿಂಡರಿನ ತೂಕವನ್ನು ನಿಮ್ಮ ಕಣ್ಣೆದುರಿನಲ್ಲಿಯೇ ಬರೆಸಿ, ಶುದ್ಧೀಕರಣ ಅಥವಾ ನಾಶಕ್ಕೆ ಕಳುಹಿಸಿದ ರಸೀದಿಯನ್ನು ಪಡೆಯಿರಿ.

ಆರ್-404ಎ ಯಂತ್ರಗಳಲ್ಲಿ ಪಿಒಇ ಎಂಬ ಸಂಶ್ಲೇಷಿತ ಕಂಪ್ರೆಸರ್ ಎಣ್ಣೆಯೇ ಇರುವುದರಿಂದ ಆರ್-449ಎಗೆ ಸಾಮಾನ್ಯವಾಗಿ ಎಣ್ಣೆ ಬದಲಿಸಬೇಕಾಗಿಲ್ಲ, ಆದರೆ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಮತ್ತು ಹಳೆಯ ರಬ್ಬರ್ ಸೀಲುಗಳನ್ನು ಬದಲಿಸಿ. ಗ್ಯಾಸನ್ನು ದ್ರವರೂಪದಲ್ಲಿಯೇ ಸಿಲಿಂಡರಿನಿಂದ ತೆಗೆಯಬೇಕು, ಏಕೆಂದರೆ ಅದರ ಘಟಕಗಳು ಬೇರೆ ಬೇರೆ ಉಷ್ಣಾಂಶದಲ್ಲಿ ಕುದಿಯುವುದರಿಂದ ಅನಿಲವಾಗಿ ತೆಗೆದರೆ ಮಿಶ್ರಣದ ಪ್ರಮಾಣವೇ ಕೆಡುತ್ತದೆ. ಅದೇ ಕಾರಣಕ್ಕೆ ಸೂಪರ್‌ಹೀಟ್ (ಪೂರ್ತಿ ಆವಿಯಾದ ಮೇಲೆ ಅನಿಲ ಇನ್ನಷ್ಟು ಬಿಸಿಯಾಗುವ ಪ್ರಮಾಣ) ಹೊಂದಿಸುವಾಗ ಡ್ಯೂ ಪಾಯಿಂಟ್ (ಕೊನೆಯ ಹನಿಯೂ ಆವಿಯಾಗುವ ಉಷ್ಣಾಂಶ) ಪಟ್ಟಿಯನ್ನೇ ನೋಡಲು ಹೇಳಿ. ಫ್ರೀಜರ್ ಭಾಗದಲ್ಲಿ ಡಿಸ್ಚಾರ್ಜ್ ಉಷ್ಣಾಂಶ (ಕಂಪ್ರೆಸರಿನಿಂದ ಹೊರಬರುವ ಅನಿಲದ ಬಿಸಿ) ಮೊದಲಿಗಿಂತ ಏರುತ್ತದೆ, ಕಂಪ್ರೆಸರ್ ತಯಾರಕರ ಮಿತಿಯೊಳಗಿದೆಯೇ ಎಂದು ಪರಿಶೀಲಿಸದೆ ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ. ಕೊನೆಗೆ ರ‍್ಯಾಕಿನ ಮೇಲಿನ ಹಳೆಯ ಫಲಕವನ್ನು ತೆಗೆಸಿ, ಹೊಸ ಗ್ಯಾಸಿನ ಹೆಸರು, ತೂಕ ಮತ್ತು ದಿನಾಂಕವಿರುವ ಫಲಕವನ್ನು ಅಂದೇ ಹಾಕಿಸಿ.